ಏನೂ ಉಳಿದಿಲ್ಲ

ಮೂವತ್ತೊಂದು ವರ್ಷ ಮುಂಬಯಿಯ ಲೋಕಲ್‌ಗಳಲ್ಲಿ ಲೇಡೀಸ್ ಡಬ್ಬ ಹತ್ತಿ ಟಿಕೆಟ್ ಕೇಳಿದವಳು ನಾನು. ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಯಿತು, ಆದರೆ ಜನರ ಮುಖ ಓದುವ ಚಾಳಿ ಮಾತ್ರ ಹೋಗಿಲ್ಲ. ಟಿಕೆಟ್ ಇಲ್ಲದವರು ಮುಖ ಮರೆಸಿಕೊಳ್ಳುತ್ತಾರೆ ಅಂತ ನೀವು ತಿಳಿದಿರಬಹುದು. ಅವರೆಲ್ಲ ಹೊಸಬರು, ಪಾಪ. ಪಳಗಿದವರು ನಿಮ್ಮನ್ನು ನೋಡಿ ನಗುತ್ತಾರೆ, "ಏನು ಗರ್ದಿ, ಎಷ್ಟು ಜನ ಅಲ್ವಾ ಮ್ಯಾಡಮ್ ಇವತ್ತು" ಅಂತ ತಾವೇ ಮಾತಿಗೆಳೆಯುತ್ತಾರೆ. ಪಾಸ್ ತೋರಿಸಮ್ಮ ಅಂದರೆ, ಇದೆ, ಮನೆಯಲ್ಲಿ ಮರೆತು ಬಂದೆ ಅನ್ನುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ದಿನಕ್ಕೆ ನೂರು ಜನ ನೋಡಿದವಳಿಗೆ ಯಾರ ನಗುವೂ ಸುಮ್ಮನೆ ನಗುವಾಗಿ ಕಾಣುವುದಿಲ್ಲ.

ನಮ್ಮಕ್ಕ ಜಯ ಚಿಕ್ಕಂದಿನಿಂದಲೇ ಹೇಳುತ್ತಿದ್ದಳು, "ಅನುಮಾನಂ ಪೆದ್ದರೋಗಂ ಕಣೇ ಸರೋಜಿ" ಅಂತ. ಇರಬಹುದು. ಆದರೆ ನನಗೆ ಬಂದ ರೋಗ ಅದಕ್ಕಿಂತ ದೊಡ್ಡದು, ಅನ್ನನಾಳದ ಕ್ಯಾನ್ಸರ್. ಇವತ್ತು ಯಾವುದಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಫೈಲು ತೊಡೆಯಲ್ಲಿಟ್ಟುಕೊಂಡು, ಎದುರು ಬಂದವರ ಮುಖವನ್ನೆಲ್ಲ ನನ್ನ ಹಾಗೇ ಸೋಸುತ್ತಾ ಕೂತಿರುವವರು ಇದ್ದಾರಲ್ಲ, ಇದು ಅವರಿಗೆ.

ಮೊದಲು ನಾನು ಅನುಮಾನಪಟ್ಟಿದ್ದು ಚಪಾತಿಯ ಮೇಲೆ. ಎದೆಯ ನಡುವೆ ಎಲ್ಲೋ ಬಂದು ನಿಂತುಬಿಡುತ್ತಿತ್ತು. ನೀರು ಕುಡಿದರೆ ನೀರೂ ಅದರ ಮೇಲೇ ನಿಲ್ಲುತ್ತಿತ್ತು. ಹಿಟ್ಟಿನ ಗಿರಣಿಯವನು ಏನೋ ಬೆರೆಸುತ್ತಿದ್ದಾನೆ ಅಂತ ಗಿರಣಿ ಬದಲಾಯಿಸಿದೆ. ಆಮೇಲೆ ಅನ್ನ ನಿಲ್ಲತೊಡಗಿತು. ಅಕ್ಕಿಯಂಗಡಿಯನ್ನೂ ಬದಲಾಯಿಸಿದೆ! ಗಲ್ಲಿಯ ಡಾಕ್ಟರು ಆ್ಯಸಿಡಿಟಿ ಅಂದರು, ಎರಡು ತಿಂಗಳು ಮಾತ್ರೆ ನುಂಗಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನಮ್ಮನೆಯವರು ಫೋರ್ಟ್‌ನ ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಸಾಧು ಮನುಷ್ಯ, ನನ್ನ ತಟ್ಟೆಯ ಕಡೆ ನೋಡಿದವರೇ ಅಲ್ಲ. ಅವರೇ ಒಂದು ದಿನ, "ಸರೋಜ, ಒಂದು ಹಿಡಿ ಸಾರನ್ನಕ್ಕೆ ಮುಕ್ಕಾಲು ಗಂಟೆ ಯಾಕೆ ಬೇಕು ನಿಂಗೆ?" ಅಂತ ಕೇಳಿದರು. ಅವತ್ತು ನನಗೆ ಭಯವಾಯಿತು.

ಎಂಡೋಸ್ಕೊಪಿ ಮಾಡಿದ ಹುಡುಗ ಡಾಕ್ಟರು ಬಲು ಮಾತುಗಾರ. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸುತ್ತಾ ನನ್ನ ಕೆಲಸದ ಬಗ್ಗೆ ಕೇಳಿದ, ಕಾಲೇಜಿನಲ್ಲಿ ತಾನೂ ಒಮ್ಮೆ ಸಿಕ್ಕಿಬಿದ್ದಿದ್ದೆ ಅಂತ ನಕ್ಕ. ಕೊಳವೆ ಒಳಗಿಳಿಯಿತು. ಮಾತು ನಿಂತಿತು. ಕೊಳವೆ ಹೊರಗೆ ಬಂದ ಮೇಲೂ ಆ ಹುಡುಗ ಮಾತಾಡಲಿಲ್ಲ, "ಹೊರಗೆ ಯಾರು ಬಂದಿದ್ದಾರೆ ಆಂಟಿ?" ಅಂತ ಮಾತ್ರ ಕೇಳಿದ. ನನ್ನ ಪಾಲಿಗೆ ರಿಪೋರ್ಟ್ ಅಲ್ಲಿಗೇ ಬಂದಾಯಿತು.

ಹೊರಗೆ ನಮ್ಮನೆಯವರೂ ಮಗಳು ಮಾನಸಿಯೂ ಇದ್ದರು. ಮಾನಸಿಗೆ ಇಪ್ಪತ್ತಾರು. ಕುರ್ಲಾದ ನಮ್ಮ ಬಿಲ್ಡಿಂಗಿನಲ್ಲೇ ಹುಟ್ಟಿ ಬೆಳೆದವಳು. ಗೆಳತಿಯರ ಜೊತೆ ಮರಾಠಿ, ಬೀದಿಯಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು. ಕನ್ನಡ ಅರ್ಥವಾಗುತ್ತೆ, ಆಡುವಾಗ ಮಾತ್ರ ಕುಂಟುತ್ತಾಳೆ. ಅವಳು ನನ್ನ ಕೈ ಹಿಡಿದು, "ಅಮ್ಮ, ಟೆನ್ಷನ್ ಮತ್ ಲೇ, ಎಲ್ಲ ಚೆನ್ನಾಗಿ ಇದೆ" ಅಂದಳು.

ಆ "ಚೆನ್ನಾಗಿದೆ" ಅನ್ನುವ ಪದಕ್ಕೂ ನನಗೂ ಹಳೆಯ ವೈರ. ಹದಿನೆಂಟು ವರ್ಷದ ಹಿಂದೆ ಮೈಸೂರಿನಲ್ಲಿ ನಮ್ಮಮ್ಮ ಹಾಸಿಗೆ ಹಿಡಿದಾಗ, ಫೋನಿನಲ್ಲಿ ಜಯಕ್ಕ ಅದೇ ಮಾತು ಹೇಳಿದ್ದಳು. "ಅಮ್ಮ ಚೆನ್ನಾಗಿದ್ದಾಳೆ ಕಣೇ, ಸುಮ್ಮನೆ ರಜ ಹಾಳು ಮಾಡ್ಕೋಬೇಡ" ಅಂತ. ನಾನು ನಂಬಿ ಡ್ಯೂಟಿಗೆ ಹೋದೆ. ಮೂರನೇ ದಿನ ಅಮ್ಮ ಹೋದಳು. ನಾನು ಮೈಸೂರು ಮುಟ್ಟುವ ಹೊತ್ತಿಗೆ ದಹನವಾಗಿ ಮನೆ ತೊಳೆದಿದ್ದರು. ಅಕ್ಕನ ಮುಖ ನೋಡದೆ ವಾಪಸು ಬಂದೆ. ಆಮೇಲೆ ನಮ್ಮಿಬ್ಬರ ನಡುವೆ ಹಬ್ಬಕ್ಕೊಂದು ಫೋನು, ಅಷ್ಟೇ.

ಹಾಗಾಗಿ ಮನೆಯಲ್ಲಿ ಒಂದೇ ಕಟ್ಟಪ್ಪಣೆ ಮಾಡಿದೆ. "ಏನೇ ಇರಲಿ, ನನಗೆ ನಿಜ ಹೇಳಬೇಕು. ಮುಚ್ಚಿಟ್ಟರೆ ನಾನು ಕಂಡುಹಿಡೀತೀನಿ, ಆಮೇಲೆ ನಿಮ್ಮ ಗ್ರಹಚಾರ." ಇಬ್ಬರೂ ತಲೆಯಾಡಿಸಿದರು. ನಾನು ನಂಬಲಿಲ್ಲ.

ಮೊದಲು ಐದು ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೊ. ಆಸ್ಪತ್ರೆಯ ಹಾಲ್‌ನಲ್ಲಿ ಕಾಯುವವರಿಗೆಲ್ಲ ಒಂದೇ ಕಸುಬು, ಪಕ್ಕದವರ ಮುಖ ನೋಡುವುದು. ಇವರಿಗೆ ನನಗಿಂತ ಜಾಸ್ತಿಯೋ ಕಮ್ಮಿಯೋ? ನಿನ್ನೆ ಇದ್ದ ಹಸಿರು ಸೀರೆಯವರು ಇವತ್ತು ಯಾಕಿಲ್ಲ? ನಾನಂತೂ ಮಷೀನು ನಡೆಸುವವನು ಮುಂಚಿನ ದಿನಕ್ಕಿಂತ ಮೆತ್ತಗೆ ಮಾತಾಡಿದರೂ ರಾತ್ರಿಯೆಲ್ಲ ಅದನ್ನೇ ತಿರುವಿ ಹಾಕುತ್ತಿದ್ದೆ. ಒಳ್ಳೆ ಮಾತು ಕೇಳಿದರೇ ಹೆಚ್ಚು ಹೆದರಿಕೆ. ಇದು ನನಗೊಬ್ಬಳಿಗೆ ಅಂದುಕೊಂಡಿದ್ದೆ. ಆಮೇಲೆ ಪಕ್ಕ ಕೂರುತ್ತಿದ್ದ ಹೆಂಗಸೊಬ್ಬಳು, "ನನ್ನ ಸೊಸೆ ಈಗೀಗ ನನಗೆ ಚಹಾ ಮಾಡಿಕೊಡ್ತಾಳೆ, ಅದಕ್ಕೇ ಗೊತ್ತಾಯ್ತು ನಂದು ಜೋರಾಗಿದೆ ಅಂತ" ಅಂದಳು. ಇಬ್ಬರೂ ಸೇರಿ ನಕ್ಕೆವು.

ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಮಾತ್ರ ನನಗೆ ಮೊದಲ ದಿನವೇ ಹಿಡಿಸಿದರು. ಕಾಗದದ ಹಿಂಬದಿಯಲ್ಲಿ ಗೀಟು ಹಾಕಿ ತೋರಿಸಿದರು. ಅನ್ನನಾಳ ತೆಗೆದು, ಹೊಟ್ಟೆಯನ್ನೇ ಉದ್ದಕ್ಕೆ ಕೊಳವೆಯ ಹಾಗೆ ಮಾಡಿ, ಎದೆಯೊಳಗಿಂದ ಮೇಲಕ್ಕೆಳೆದು ಕತ್ತಿನ ಹತ್ತಿರ ಜೋಡಿಸುತ್ತಾರಂತೆ. "ಆ ಜೋಡಣೆ ಬಿಟ್ಟುಕೊಂಡ್ರೆ?" ಅಂತ ಕೇಳಿದೆ. ನಮ್ಮನೆಯವರು ನನ್ನ ಮೊಣಕೈ ಅದುಮಿದರು, ಬೇಡ ಸುಮ್ಮನಿರು ಅಂತ. ಡಾಕ್ಟರು ನಗಲಿಲ್ಲ. "ಕೆಲವರಿಗೆ ಬಿಟ್ಟುಕೊಳ್ಳುತ್ತೆ. ಅದಕ್ಕೇ ಮೊದಲ ವಾರ ಬಾಯಿಗೆ ಒಂದು ಹನಿ ನೀರೂ ಕೊಡಲ್ಲ" ಅಂದರು. ಏನೂ ಆಗಲ್ಲ ಅಂತ ಹೇಳದ ಮೊದಲ ಮನುಷ್ಯ! ಅಲ್ಲೇ ಸಹಿ ಹಾಕಿದೆ.

ಎಚ್ಚರವಾದಾಗ ಮೂಗಿನಲ್ಲೊಂದು ನಳಿಗೆ, ಎದೆಯ ಪಕ್ಕದಲ್ಲೊಂದು, ಹೊಟ್ಟೆಯಲ್ಲೊಂದು. ಹೊಟ್ಟೆಯ ನಳಿಗೆಯಿಂದಲೇ ಊಟ. ಗಂಟಲಿನಿಂದ ಸ್ವರ ಹೊರಡದು, ಬರೀ ಗಾಳಿ. ಕತ್ತಿನ ಹತ್ತಿರದ ನರ ಸ್ವಲ್ಪ ಸುಸ್ತಾಗಿದೆ, ತಿಂಗಳಲ್ಲಿ ಸರಿಹೋಗುತ್ತೆ ಅಂದರು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಕೂಗಿ ಜನರನ್ನು ನಿಲ್ಲಿಸುತ್ತಿದ್ದವಳು ಪಿಸುಮಾತಿಗೆ ಬಂದೆ. ಮೂರು ಗೋಲಿ ಇರುವ ಪ್ಲಾಸ್ಟಿಕ್ ಡಬ್ಬವೊಂದನ್ನು ಕೈಗೆ ಕೊಟ್ಟಿದ್ದರು. ಉಸಿರು ಎಳೆದು ಗೋಲಿ ಮೇಲೇಳಿಸಬೇಕು, ಇಲ್ಲದಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ. ಒಂದು ಗೋಲಿ ಎದ್ದರೆ ಕಣ್ಣಲ್ಲಿ ನೀರು.

ವಾರ್ಡಿನಲ್ಲಿ ಮೈ ಒರೆಸಲು, ಬಟ್ಟೆ ಬದಲಾಯಿಸಲು ಒಬ್ಬ ಮಾವಶಿ ಬರುತ್ತಿದ್ದಳು. ಆಯಾಗಳನ್ನು ಇಲ್ಲಿ ಎಲ್ಲರೂ ಮಾವಶಿ ಅಂತಲೇ ಕರೆಯುವುದು, ಅಂದರೆ ಚಿಕ್ಕಮ್ಮ. ಅವಳನ್ನೂ ಬಿಡಲಿಲ್ಲ ನಾನು. ಪಿಸುಗುಟ್ಟಿ ಕೇಳಿದೆ, "ಖರಂ ಸಾಂಗ್, ನಿಜ ಹೇಳು, ನನ್ನ ಬಗ್ಗೆ ಡಾಕ್ಟರು ಏನು ಮಾತಾಡ್ತಾರೆ?" ಅವಳು ಸೊಂಟದ ಮೇಲೆ ಕೈಯಿಟ್ಟು, "ನಂಗೇನು ಗೊತ್ತು ತಾಈ? ನಿನ್ನ ತಲೆಗೂದಲು ಜಡೆಗಟ್ಟಿದೆ, ಅಷ್ಟು ಗೊತ್ತು" ಅಂದು ಬಾಚಣಿಗೆ ತಂದಳು. ಸಿಕ್ಕು ಬಿಡಿಸಿ ಎರಡು ಜಡೆ ಹಾಕಿದಳು, ಶಾಲೆಯ ಹುಡುಗಿಗೆ ಹಾಕುವ ಹಾಗೆ. ಅರವತ್ತೆರಡನೇ ವಯಸ್ಸಿನಲ್ಲಿ ಎರಡು ಜಡೆ! ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಎಂಟನೇ ದಿನ ಕಹಿ ದ್ರಾವಣವೊಂದನ್ನು ಕುಡಿಸಿ ಎಕ್ಸ್‌ರೇ ತೆಗೆದರು. ಜೋಡಣೆ ಗಟ್ಟಿಯಾಗಿದೆ ಅಂದರು. ಆಮೇಲೆ ಒಂದು ಚಮಚ ನೀರು. ಆ ಚಮಚ ನೀರು ಇಳಿದಿದ್ದು ನನಗೆ ಈಗಲೂ ನೆನಪಿದೆ. ಅಷ್ಟು ರುಚಿಯಾದ ವಸ್ತು ನಾನು ಜನ್ಮದಲ್ಲಿ ಕುಡಿದಿಲ್ಲ.

ಮನೆಗೆ ಬಂದೆ. ಹೊಟ್ಟೆಯ ನಳಿಗೆ ಇನ್ನೂ ಇತ್ತು. ಚಪ್ಪಟೆಯಾಗಿ ಮಲಗುವ ಹಾಗಿಲ್ಲ, ಮಲಗಿದರೆ ತಿಂದದ್ದು ಬಾಯಿಗೆ ಬರುತ್ತೆ. ನಾಲ್ಕು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ. ದಿನಕ್ಕೆ ಎಂಟು ಸಲ ಎರಡೆರಡು ಚಮಚ ಗಂಜಿ, ಮೆತ್ತಗೆ ಮಾಡಿದ ಇಡ್ಲಿ. ಆಪರೇಷನ್ನಿನಲ್ಲಿ ತೆಗೆದದ್ದನ್ನೆಲ್ಲ ಪರೀಕ್ಷೆಗೆ ಕಳಿಸಿದ್ದರು, ಅದರ ರಿಪೋರ್ಟಿಗೆ ಕಾಯುತ್ತಿದ್ದೆವು. ಬುಧವಾರ ಮಧ್ಯಾಹ್ನ ನಮ್ಮನೆಯವರು ಅದನ್ನು ಕೇಳಲು ಆಸ್ಪತ್ರೆಗೆ ಹೋಗಿದ್ದರು. ಮಾನಸಿ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಾ ಫೋನಿನಲ್ಲಿದ್ದಳು. ನನ್ನ ಕೋಣೆಯ ಕಿಟಕಿ ಅಲ್ಲಿಗೇ ತೆರೆಯುತ್ತದೆ. ಕನ್ನಡ ಕಿವಿಗೆ ಬಿತ್ತು. ಅವಳು ಫೋನಿನಲ್ಲಿ ಕನ್ನಡ ಮಾತಾಡುವುದು ಒಬ್ಬರ ಜೊತೆ ಮಾತ್ರ, ಬೇರೆ ಭಾಷೆ ಬಾರದ ಜಯಕ್ಕನ ಜೊತೆ.

"ದೊಡ್ಡಮ್ಮ, ಅಪ್ಪನ ಫೋನ್ ಬಂತು. ರಿಪೋರ್ಟ್ ಆಯ್ತು. ಅಮ್ಮಂದು ಎಲ್ಲಾ ಮುಗೀತು. ಡಾಕ್ಟರ್ ಹೇಳಿದ್ರು, ಇನ್ನು ಏನೂ ಉಳಿದಿಲ್ಲ."

ಆ ಕಡೆಯ ಮಾತು ಕೇಳಿಸಿಕೊಂಡು ಮತ್ತೆ, "ಇಲ್ಲ, ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅಪ್ಪ ಬಂದು ಹೇಳ್ತಾರೆ. ದೊಡ್ಡಮ್ಮ, ಅಳಬೇಡಿ ಪ್ಲೀಸ್. ಹಾಂ, ನಾನೂ ತುಂಬ ಅತ್ತೆ."

ದಿಂಬಿಗೆ ಒರಗಿ ಕೂತಿದ್ದವಳು ಹಾಗೇ ಕೂತಿದ್ದೆ. ಕೂಗಿ ಕೇಳೋಣವೆಂದರೆ ಸ್ವರವಿಲ್ಲ. ಸಾವು ಅಂದರೆ ಇಷ್ಟು ಮಾಮೂಲಿಯಾಗಿ, ಬಟ್ಟೆ ಮಡಿಸುತ್ತಾ ಹೇಳುವ ಸುದ್ದಿಯೇ ಅಂತ ಅನ್ನಿಸಿತು. ಅಳು ಬರಲಿಲ್ಲ. ಸಿಟ್ಟು ಬಂತು. ಹೇಳಿದ್ದೆನಲ್ಲ, ಮುಚ್ಚಿಡಬೇಡಿ ಅಂತ?

ಸಂಜೆ ನಮ್ಮನೆಯವರು ಒಂದು ಮೊಳ ಮಲ್ಲಿಗೆ ಹಿಡಿದು ಬಂದರು. ಮೂವತ್ತೈದು ವರ್ಷದಲ್ಲಿ ಹಬ್ಬಕ್ಕಲ್ಲದೆ ಹೂ ತಂದವರಲ್ಲ. ಮುಖದ ತುಂಬ ನಗು. "ಸರೋಜ, ರಿಪೋರ್ಟ್ ಬಂತು. ಫಸ್ಟ್ ಕ್ಲಾಸ್! ಎಲ್ಲ ಚೆನ್ನಾಗಿದೆ."

"ಕಾಗದ ಎಲ್ಲಿ?" ಪಿಸುಗುಟ್ಟಿದೆ.

"ಕಂಪ್ಯೂಟರಿನಲ್ಲಿ ತೋರಿಸಿದ್ರು. ಇನ್ನೂ ಸಹಿ ಆಗಿಲ್ಲವಂತೆ. ಮುಂದಿನ ಗುರುವಾರ ನೀನು ತೋರಿಸಿಕೊಳ್ಳೋಕೆ ಹೋಗ್ತೀಯಲ್ಲ, ಅವತ್ತು ಕೊಡ್ತಾರೆ."

ಪಾಸ್ ಇದೆ, ಮನೆಯಲ್ಲಿ ಮರೆತು ಬಂದೆ. ಇದಕ್ಕೂ ಅದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ. ನಾನು ಹೂ ಮುಡಿದುಕೊಂಡೆ, ಸಂತೋಷವಾಯಿತು ಅಂದೆ. ಸಿಕ್ಕಿಬಿದ್ದವರಿಗೆ ಮೊದಲೇ ಗೊತ್ತಾಗಬಾರದು, ಅದು ನನ್ನ ಕೆಲಸದ ಮೊದಲ ಪಾಠ.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತೆ, ಆದರೂ ಬರೆಯುತ್ತೇನೆ. ಮಾನಸಿ ಹಾಡು ಗುನುಗಿದರೆ, ನಾಟಕ ಎಷ್ಟು ಚೆನ್ನಾಗಿ ಆಡ್ತಾಳೆ ಅಂದುಕೊಂಡೆ. ಅವಳಪ್ಪ ಫೋನಿನಲ್ಲಿ ಯಾರ ಜೊತೆಗೋ ನಕ್ಕರೆ, ಅಯ್ಯೋ ಪಾಪ, ನನಗೋಸ್ಕರ ಎಷ್ಟು ಕಷ್ಟಪಟ್ಟು ನಗ್ತಿದ್ದಾರೆ ಅಂದುಕೊಂಡೆ. ಊಟ ಬಿಟ್ಟೆ. ಹೋಗುವವಳಿಗೆ ಇಡ್ಲಿ ಯಾಕೆ? ಎರಡು ಚೂರು ಬಾಯಿಗಿಟ್ಟು ಉಳಿದದ್ದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ದಿಂಬಿನ ಕೆಳಗೆ ತುರುಕುತ್ತಿದ್ದೆ. ತೂಕ ಇಳಿಯಿತು. ಬೀರು ತೆಗೆಸಿ, ನನ್ನ ಮದುವೆಯ ಮೈಸೂರು ರೇಷ್ಮೆಯನ್ನು ಮಾನಸಿಯ ಕೈಗೆ ಕೊಟ್ಟೆ. "ಈಗ ಯಾಕಮ್ಮ?" ಅಂದಳು, ಕಣ್ಣು ಒದ್ದೆಯಾಯಿತು. ನೋಡಿದ್ರಾ, ಇನ್ನೊಂದು ಸಾಕ್ಷಿ. ಹಗಲೆಲ್ಲ ಹೀಗೆ ಪತ್ತೇದಾರಿ ನಡೆಸುತ್ತಿದ್ದೆ. ಒಳಗೆ ಮಾತ್ರ ನನಗೆ ಸಾಯಲು ಇಷ್ಟವಿರಲಿಲ್ಲ. ತುಂಬ ಭಯವಾಗುತ್ತಿತ್ತು, ಯಾರ ಕೈಯನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನಿಸುತ್ತಿತ್ತು.

ಸೋಮವಾರ ಬೆಳಗ್ಗೆ ಬಾಗಿಲ ಬೆಲ್ಲು. ನೋಡಿದರೆ ಜಯಕ್ಕ! ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಊರಿನ ಸೌತೆಕಾಯಿ. ಅರವತ್ತೆಂಟರ ಹೆಂಗಸು, ಮಂಡಿನೋವು, ಯಾರಿಗೂ ಹೇಳದೆ ಕೇಳದೆ ರೈಲು ಹತ್ತಿ ಬಂದಿದ್ದಳು. ಮಾನಸಿ ಕುಣಿದಾಡಿ, "ದೊಡ್ಡಮ್ಮ! ಸರ್‌ಪ್ರೈಸ್!" ಅಂತ ತಬ್ಬಿಕೊಂಡಳು. ಜಯಕ್ಕ ಅವಳನ್ನು ತಲೆ ಕೆಟ್ಟವಳನ್ನು ನೋಡುವ ಹಾಗೆ ನೋಡಿದಳು. ಹದಿನೆಂಟು ವರ್ಷ ನನ್ನ ಮನೆ ಹೊಸಿಲು ತುಳಿಯದವಳು ಬಂದಿದ್ದಾಳೆ ಅಂದ ಮೇಲೆ ನನಗೆ ಇನ್ನೇನು ಸಾಕ್ಷಿ ಬೇಕಿತ್ತು?

ಅವಳು ನನ್ನ ಮಂಚದ ತುದಿಯಲ್ಲಿ ಕೂತಳು. ನನ್ನ ಕೈ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು.

"ಸರೋಜಿ, ಒಂದು ಮಾತು ಹೇಳ್ಬೇಕು ಕಣೇ. ಈಗ ಹೇಳ್ದಿದ್ರೆ ಇನ್ಯಾವತ್ತೂ ಆಗಲ್ಲ. ಅಮ್ಮನ ವಿಷಯ. ಅವತ್ತು ಫೋನಲ್ಲಿ ಚೆನ್ನಾಗಿದ್ದಾಳೆ ಅಂದೆನಲ್ಲ, ಚೆನ್ನಾಗಿರ್ಲಿಲ್ಲ. ಎರಡು ದಿನ ಮೂರು ದಿನ ಅಂತ ಡಾಕ್ಟ್ರು ಹೇಳಿಯಾಗಿತ್ತು."

"ಗೊತ್ತು" ಅಂದೆ.

"ಪೂರ್ತಿ ಗೊತ್ತಿಲ್ಲ ನಿಂಗೆ. ನೀನು ಮುಂಬೈಯಿಂದ ಓಡಿ ಬಂದ್ರೆ ತಾನು ಸಾಯ್ತಿದೀನಿ ಅಂತ ಅಮ್ಮಂಗೆ ತಿಳ್ದುಬಿಡುತ್ತೆ ಅಂತ ಹೆದರಿದೆ. ಅದಕ್ಕೇ ಬರಬೇಡ ಅಂದೆ. ಆದ್ರೆ ಅವಳು ಕೇಳ್ತಾನೇ ಇದ್ಲು, ಸರೋಜಿ ಎಲ್ಲಿ, ಸರೋಜಿ ಎಲ್ಲಿ ಅಂತ. ನಾಳೆ ರೈಲಿಗೆ ಬರ್ತಾಳೆ ಅಂತ ಮೂರು ದಿನಾನೂ ಸುಳ್ಳು ಹೇಳ್ದೆ. ನಿಂಗೂ ಸುಳ್ಳು, ಅವಳಿಗೂ ಸುಳ್ಳು. ತಪ್ಪಾಯ್ತು ಕಣೇ, ನನ್ನ ಕ್ಷಮಿಸಿಬಿಡು." ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು.

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಮ್ಮ ನನ್ನ ಹೆಸರು ಹಿಡಿದು ಕೇಳುತ್ತಿದ್ದಳು ಅನ್ನುವುದನ್ನು ಹದಿನೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳಲ್ಲ, ಪಾಪಿ! ಹಾಗೇ ಅವಳ ನರೆತ ಬೈತಲೆ ನೋಡಿ ಪಾಪ ಅನ್ನಿಸಿತು. ಒಬ್ಬಳೇ ಇಷ್ಟು ವರ್ಷ ಹೇಗೆ ಹೊತ್ತಳೋ. ಇಂಥ ಮಾತನ್ನು ಬದುಕುವವರ ಹತ್ತಿರ ಯಾರೂ ಹೇಳುವುದಿಲ್ಲ ಅಂತಲೂ ನನ್ನ ತಲೆ ಲೆಕ್ಕ ಹಾಕಿತು.

"ನಂಗೆ ಎಷ್ಟು ದಿನ ಅಂದಿದ್ದಾರಕ್ಕ?"

"ಮಾನಸಿ ದಿನ ಹೇಳಲಿಲ್ಲ ಕಣೇ. ಎಲ್ಲಾ ಮುಗೀತು, ಇನ್ನು ಏನೂ ಉಳಿದಿಲ್ಲ ಅಂದ್ಲು."

ಅಷ್ಟರಲ್ಲಿ ಮಾನಸಿ ಕಾಫಿ ಹಿಡಿದು ಒಳಗೆ ಬಂದಳು. ಕೊನೆಯ ಮಾತು ಅವಳ ಕಿವಿಗೆ ಬಿದ್ದಿತ್ತು. "ಹಾಂ ದೊಡ್ಡಮ್ಮ, ಏನೂ ಉಳಿದಿಲ್ಲ!" ಅಂತ ಹಲ್ಲು ಬಿಟ್ಟು ನಕ್ಕಳು.

ನಾವಿಬ್ಬರೂ ಅವಳನ್ನೇ ನೋಡಿದೆವು. ಹೆತ್ತ ತಾಯಿ ಸಾಯುತ್ತಾಳೆ ಅಂತ ಹೀಗೂ ನಗುತ್ತಾರೆಯೇ? ಜಯಕ್ಕನಿಗೆ ರೇಗಿಹೋಯಿತು. "ಏನೇ ಹುಡುಗಿ, ಏನು ಉಳಿದಿಲ್ಲ? ಬಿಡಿಸಿ ಹೇಳು!"

"ಅರೇ, ಕ್ಯಾನ್ಸರ್! ಕುಛ್ ಬಚಾ ನಹೀಂ! ಟ್ರೀಟ್‌ಮೆಂಟ್ ಮುಗೀತು, ಕ್ಯಾನ್ಸರ್ ಏನೂ ಉಳಿದಿಲ್ಲ, ರೇಡಿಯೇಷನ್‌ನಲ್ಲೇ ಸಬ್ ಖತಮ್, ಆಪರೇಷನ್‌ನಲ್ಲಿ ತೆಗ್ದಿದ್ರಲ್ಲಿ ಒಂದು ಸೆಲ್ ಕೂಡ ಸಿಗಲಿಲ್ಲ. ಅದೇ ತಾನೇ ನಾನು ಹೇಳಿದ್ದು?" ನಮ್ಮ ಮುಖ ನೋಡುತ್ತಾ ಅವಳ ನಗು ಕರಗಿತು. "ನೀವು ಏನು ಅಂದ್ಕೊಂಡ್ರಿ?"

ಜಯಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಮುಂಡೇದೇ! ರೋಗ ಉಳಿದಿಲ್ಲ ಅನ್ನೋಕೆ ಏನಾಗಿತ್ತು ನಿನ್ನ ಬಾಯಿಗೆ? ಮೈಸೂರಿಂದ ಇಲ್ಲೀವರೆಗೂ ಒಂದೇ ಸಮ ಅತ್ಕೊಂಡು ಬಂದಿದೀನಲ್ಲೇ! ಎದುರು ಸೀಟಿನೋರು ನಂಗೆ ಬಾಳೆಹಣ್ಣು ಕೊಟ್ಟು ಸಮಾಧಾನ ಮಾಡಿದ್ರು!"

ನಗು ಬಂತು ನನಗೆ. ಎದೆಯ ಹೊಲಿಗೆಯೆಲ್ಲ ಬಿಚ್ಚಿಹೋಗುತ್ತದೋ ಅನ್ನುವಷ್ಟು. ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಸ್ವರವಿಲ್ಲದೆ ನಕ್ಕೆ. ದಿಂಬು ಎತ್ತಿದ್ದರಿಂದ ಟಿಶ್ಯೂ ಕಾಗದದ ಗಂಟುಗಳು ಕಂಡವು. ಮಾನಸಿ ಒಂದನ್ನು ಬಿಡಿಸಿ ನೋಡಿದಳು, ಒಣಗಿದ ಇಡ್ಲಿ. ಅವಳಿಗೆ ಎಲ್ಲ ಅರ್ಥವಾಯಿತು. ನೆಲದ ಮೇಲೆ ಕೂತು ನನ್ನ ಮಡಿಲಲ್ಲಿ ಮುಖವಿಟ್ಟು, "ನನ್ನ ಕನ್ನಡದಿಂದ ನೀನು ಐದು ದಿನ ಹೆದರಿಕೊಂಡು ಕೂತಿದ್ದೆಯಾ? ನನ್ನನ್ನ ಕೇಳಬೇಕಿತ್ತಲ್ಲ ಅಮ್ಮ" ಅಂತ ಅತ್ತಳು. ಕೇಳಬೇಕಿತ್ತು, ನಿಜ. ಜನ್ಮವೆಲ್ಲ ಬೇರೆಯವರನ್ನು ಕೇಳಿದವಳು ಸ್ವಂತ ಮಗಳನ್ನು ಕೇಳಲಿಲ್ಲ. ತಪ್ಪು ನಂದೇ ಕಣೇ ಚಿನ್ನ ಅಂದೆ.

ಹಾಗಂತ ಪೂರ್ತಿ ನಂಬಿದೆನೇ? ಇಲ್ಲ. ಮೂರೂ ಜನ ಸೇರಿ ಇನ್ನೊಂದು ನಾಟಕ ಕಟ್ಟಿರಬಹುದು ಅಂತ ಬುಧವಾರ ರಾತ್ರಿಯವರೆಗೂ ಅನುಮಾನವಿತ್ತು. ಗುರುವಾರ ಆಸ್ಪತ್ರೆಯಲ್ಲಿ ಕಾಗದ ಕೈಗೆ ಬಂತು. ಕನ್ನಡಕ ಹಾಕಿಕೊಂಡು ಹೆಸರು, ವಯಸ್ಸು, ತಾರೀಖು, ಎಲ್ಲದರ ಕೆಳಗೂ ಬೆರಳಾಡಿಸಿದೆ. ಉಳಿದಿಲ್ಲ ಅಂತಲೇ ಬರೆದಿತ್ತು. "ಹಾಗಾದ್ರೆ ಗುಣವಾಯ್ತು ಅಂತ ತಿಳ್ಕೊಳ್ಳಲಾ?" ಅಂತ ದೊಡ್ಡ ಡಾಕ್ಟರನ್ನು ಕೇಳಿದೆ.

"ಇವತ್ತಿಗೆ ಇಲ್ಲ. ಮುಂದೆ ಬರೋದೇ ಇಲ್ಲ ಅಂತ ನಾನು ಬರೆದುಕೊಡಲ್ಲ. ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಆ ಮನುಷ್ಯ ಆಣೆ ಪ್ರಮಾಣ ಮಾಡಿದ್ದರೆ ನಾನು ನಂಬುತ್ತಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರಿಂದ ನಂಬಿದೆ.

ಜಯಕ್ಕ ಒಳಗೆ ಬಂದಿರಲಿಲ್ಲ, ನಂಗೆ ಧೈರ್ಯವಿಲ್ಲ ಅಂತ ಹೊರಗಿನ ಬೆಂಚಿನ ಮೇಲೇ ಕೂತಿದ್ದಳು. ನಾನು ಹೊರಗೆ ಬಂದೊಡನೆ ನನ್ನ ಮುಖವನ್ನೇ ಮೇಲಿಂದ ಕೆಳಗೆ ನೋಡಿದಳು.

"ಏನಂದ್ರೇ? ನನ್ನ ಹತ್ರ ಮುಚ್ಚಿಡಬೇಡ."

"ಇವತ್ತಿಗೆ ಇಲ್ಲ ಅಂದ್ರು. ಮುಂದಿಂದು ಗೊತ್ತಿಲ್ಲ ಅಂದ್ರು. ಇಷ್ಟೇ, ಇದಕ್ಕಿಂತ ಒಂದಕ್ಷರ ಜಾಸ್ತಿ ಇಲ್ಲ, ಕಮ್ಮಿ ಇಲ್ಲ."

ಅವಳು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದಳು. ಮೆತ್ತಗೆ ಹಿಸುಕಿದ ಮೊಸರನ್ನ. ಆ ಜನಜಂಗುಳಿಯ ನಡುವೆಯೇ ಒಂದು ಚಮಚ ನನ್ನ ಬಾಯಿಗಿಟ್ಟು, ನನ್ನ ಕತ್ತನ್ನೇ ದಿಟ್ಟಿಸಿದಳು.

"ಇಳೀತಾ?"

"ಇಳೀತು."

"ನನಗೆ ಬೇಜಾರಾಗುತ್ತೆ ಅಂತ ಹೇಳ್ತಿಲ್ಲ ತಾನೇ? ನಿಜವಾಗ್ಲೂ ಇಳೀತಾ?"

"ನಿಜ ಕಣಕ್ಕ" ಅಂದೆ. "ಹಸಿವಾಗ್ತಿದೆ, ಇನ್ನೊಂದು ತುತ್ತು ಹಾಕು."